ಮೇಷ್ಟ್ರು ಕೇಳಿ ತಂದ ಹುಡುಗಿ

ಒಂದೇ ಒಂದು ಮಗುವೂ ಶಾಲೆಯ ಹೊರಗಿರಬಾರದು, ನೋಡಲು ಇನ್ಸ್‌ಪೆಕ್ಟರು ಇಂದೇ ಬರುತ್ತಾರೆ ಎಂದು ಬೆಳಿಗ್ಗೆ ರೇಡಿಯೊ ಹೇಳಿದಾಗ ತೊಆಕಾಯಿ ಮೇಷ್ಟ್ರ ಬಾಯಲ್ಲಿದ್ದ ಒಣಮೀನು ಬಾಯಲ್ಲೇ ಉಳಿಯಿತು. ಇನ್ಸ್‌ಪೆಕ್ಟರು ಮೆಚ್ಚಿದರೆ ರಾಜಧಾನಿ ತರಾವಾಕ್ಕೆ ವರ್ಗ. ಅಲ್ಲಿ ಹೆಂಡತಿ ಇದ್ದಳು, ಇನ್ನೂ ಮುಖ ನೋಡದ ಮಗಳಿದ್ದಳು. ಮೆಚ್ಚದಿದ್ದರೆ ಇದೇ ದ್ವೀಪ, ಇದೇ ಮೀನು.

ಹೊರಗುಳಿದ ಮಗು ಒಂದೇ: ಕಿವಿ ಕೇಳದ, ಮಾತು ಬಾರದ ರೋಟಿಯಾ. ಮೇಷ್ಟ್ರು ಅವಳ ಮನೆಗೆ ಓಡಿದರು.

"ಅಕೋಯಾ ಅಜ್ಜೀ, ಬುಬೂತಿಗೆ ಬಂದಿದ್ದೀನಿ. ರೋಟಿಯಾನ ಶಾಲೆಗೆ ಕೊಡಿ."

ಬುಬೂತಿ ಎಂದು ಬಾಯಿಬಿಟ್ಟು ಕೇಳಿದರೆ ಕಿರಿಬಾಸ್ ದ್ವೀಪಗಳಲ್ಲಿ ಯಾರೂ ಇಲ್ಲವೆನ್ನುವುದಿಲ್ಲ. ಇಲ್ಲವೆಂದವರನ್ನು ಆಮೇಲೆ ನಾಯಿಯೂ ಮೂಸುವುದಿಲ್ಲ.

"ಕೊಟ್ಟೆ," ಎಂದಳು ಅಜ್ಜಿ. "ಈಗ ನನ್ನ ಬುಬೂತಿ. ಅವಳ ಕೈಮಾತು ನಿಮಗೆ ಬರಲ್ಲ. ಬರೋದು ನಮ್ಮನೆ ಆರು ಜನಕ್ಕೆ. ನಮಗೂ ಜಾಗ ಕೊಡಿ."

ಕೊಡದೆ ಏನು ಮಾಡುತ್ತಾರೆ? ಪಕ್ಕದ ಅಟ್ಟಣೆಯ ಮೇಲೆ ಮಲಗಿದ್ದ ಕಾಯೆಯ ಎಂಬ ತಾತ ತಲೆಯೆತ್ತಿದ.

"ಮೇಷ್ಟ್ರೇ, ನಂದೂ ಒಂದು ಕಾಲು ಕುಂಟು. ನಾನೇನು ಪಾಪ ಮಾಡಿದ್ದೆ?"

"ನಿಮಗೆ ಎಪ್ಪತ್ತಾಯ್ತಲ್ಲ ತಾತ."

"ಹಾಗಾದ್ರೆ ಬುಬೂತಿ ಅನ್ನಲಾ?"

"ಅನ್ನಬೇಡಿ. ಬನ್ನಿ."

ಸುದ್ದಿ ಮೇಷ್ಟ್ರಿಗಿಂತ ಮುಂಚೆ ಶಾಲೆ ಮುಟ್ಟಿತು. ಸೊಂಟ ಹಿಡಿದ ಬೆಸ್ತ, ಕಣ್ಣು ಮಂಜಾದ ಚಿಕ್ಕಮ್ಮ, ಏನೂ ಆಗದಿದ್ದರೂ ನೆರಳಿಗೆಂದು ಬಂದ ಪಾದ್ರಿ, ಎಲ್ಲರೂ ಚಾಪೆ ಹಾಸಿ ಬುತ್ತಿ ಬಿಚ್ಚಿದರು. ದಿನವೂ ಬರುವ ಮಕ್ಕಳು ಜಾಗವಿಲ್ಲದೆ ಹೊರಗಿನಿಂದ ಗಿಡ್ಡ ಗೋಡೆಯ ಮೇಲೆ ಏಡಿಗಳಂತೆ ಕಣ್ಣಿಟ್ಟು ನಿಂತರು.

ಇನ್ಸ್‌ಪೆಕ್ಟರು ಬಂದರು. "ಮಕ್ಕಳೆಲ್ಲಿ ಮೇಷ್ಟ್ರೇ?"

"ಹೊರಗಿದ್ದೋರು ಒಳಗೆ ಬಂದಿದ್ದಾರೆ ಸರ್. ಒಳಗಿದ್ದೋರು ಸ್ವಲ್ಪ ಹೊರಗಿದ್ದಾರೆ."

ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿಕೊಂಡೇ ಕುಳಿತರು. ಮೇಷ್ಟ್ರು ಲೆಕ್ಕ ಹೇಳಿದರು, ಆರು ಜೊತೆ ಕೈಗಳು ಅದನ್ನು ರೋಟಿಯಾಗೆ ದಾಟಿಸಿದವು, ಎಲ್ಲರಿಗಿಂತ ಮೊದಲು ಅವಳೇ ಬೆರಳೆಣಿಸಿ ಉತ್ತರ ತೋರಿಸಿದಳು. ಮಧ್ಯಾಹ್ನದ ಹೊತ್ತಿಗೆ ಗೋಡೆಯಾಚೆಯ ಮಕ್ಕಳೂ ಕೈಯಲ್ಲೇ ಹರಟುತ್ತಿದ್ದರು.

"ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ," ಎಂದರು ಇನ್ಸ್‌ಪೆಕ್ಟರು. "ಮುಂದಿನ ಹಡಗಿಗೇ ತರಾವಾಕ್ಕೆ ಹೊರಡಿ."

ಅಜ್ಜಿಯ ಕೈ ಅದನ್ನೂ ದಾಟಿಸಿತು. ರೋಟಿಯಾ ಎದ್ದು ಇನ್ಸ್‌ಪೆಕ್ಟರ ಮುಂದೆ ಎರಡೂ ಕೈ ಚಾಚಿದಳು. ಆಮೇಲೆ ಹೊಟ್ಟೆ ಮುಂದೆ ಮಾಡಿ, ಕತ್ತು ಕೊಂಕಿಸಿ, ಮೊಟ್ಟೆಯಿಡಲು ಜಾಗ ಸಿಗದ ಕೋಳಿಯಂತೆ ಅತ್ತಿಂದಿತ್ತ ನಡೆದಳು. ಊರೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಮೇಷ್ಟ್ರು ನಕ್ಕರು.

"ಬುಬೂತಿ ಕೇಳ್ತಿದ್ದಾಳೆ ಸರ್, ಕೋಳಿ ಇರಬೇಕು. ಹೂಂ ಅಂದ್ಬಿಡಿ. ಮಾತು ಬಾರದೋರ ಬುಬೂತಿನೂ ಬುಬೂತಿನೇ ಅಲ್ವಾ?"

"ಖಂಡಿತ. ಕೊಟ್ಟೆ," ಎಂದರು ಇನ್ಸ್‌ಪೆಕ್ಟರು.

ಅಜ್ಜಿ ಕಣ್ಣೊರೆಸಿಕೊಂಡಳು. "ಕೋಳಿ ಅಲ್ಲ ಸಾಹೇಬ್ರೇ, ಅದು ಮೇಷ್ಟ್ರು. ತಾನು ಬೇಕು ಅಂತ ಕೇಳ್ಕೊಂಡು ಬಂದ ಮೊದಲನೇ ಮನುಷ್ಯ, ಇಲ್ಲೇ ಇರಲಿ ಅಂತಾಳೆ."

ಮೇಷ್ಟ್ರು ಇನ್ಸ್‌ಪೆಕ್ಟರ ಮುಖ ನೋಡಿದರು. ಇನ್ಸ್‌ಪೆಕ್ಟರು ನೆಲ ನೋಡಿದರು.

"ಕೊಟ್ಟಾಗಿದೆ ಮೇಷ್ಟ್ರೇ."

ಕಾಯೆಯ ತಾತ ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟ. "ಕೂತ್ಕೊಳ್ಳಿ. ನಾಳೆ ನಾನು ಬೇಗನೇ ಬರ್ತೀನಿ."