ಪ್ರೇಮಾನಂದರ ಮತ್ಸ್ಯಾಮೃತ

ಗಂಗೊಳ್ಳಿಯಿಂದ ಬೈಂದೂರಿಗೆ ಹೋಗುವ ಬಸ್ಸು. ಜುಲೈ ತಿಂಗಳ ಜಡಿಮಳೆ. ಕಿಟಕಿಗಳ ಟರ್ಪಾಲನ್ನೆಲ್ಲ ಇಳಿಸಿದ್ದರಿಂದ ಒಳಗೆ ಉಸಿರಾಡುವುದಕ್ಕೂ ಸರದಿ ಕಾಯಬೇಕಾದ ಪರಿಸ್ಥಿತಿ. ಅಂಥ ಶುಭಗಳಿಗೆಯಲ್ಲಿ ಪ್ರೇಮಾನಂದರ ಕಾಲಬುಡದಲ್ಲಿದ್ದ ಕ್ಯಾನಿನ ಮುಚ್ಚಳ 'ಢಬ್' ಎಂದು ಹಾರಿತು.

ಮುಚ್ಚಳ ಹಾರಿದ್ದು ದೊಡ್ಡ ಸಂಗತಿಯಲ್ಲ. ಅದರ ಬೆನ್ನಿಗೇ ಹೊರಟಿತಲ್ಲ ವಾಸನೆ, ಅದು ಸಂಗತಿ. ಮುಂದಿನ ಸೀಟಿನಲ್ಲಿ ಅಳುತ್ತಿದ್ದ ಮಗು ಥಟ್ಟನೆ ಸುಮ್ಮನಾಯಿತು (ಬಾಯಿ ತೆರೆದರೆ ಒಳಗೆ ಹೋದೀತೆಂದಿರಬೇಕು). ಕಂಡಕ್ಟರ್ ಕುಷ್ಟ ಮೂಗು ಹಿಡಿದುಕೊಂಡೇ ಹಿಂದಕ್ಕೆ ಬಂದು, ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಜಲಜಳ ಮುಂದೆ ನಿಂತ.

"ಜಲಜಕ್ಕ, ಕೊಳ್ತ ಮೀನ್ ಬಸ್ಸಿಗ್ ಹತ್ಸ್ಬೇಡಿ ಅಂದೇಳಿ ಎಷ್ಟ್ ಸಲ ಹೇಳುದ್?"

"ಎಂತ ಹೇಳ್ದೆ?" ಜಲಜ ಬುಟ್ಟಿಯ ಮೇಲಿನ ಎಲೆ ಸರಿಸಿ ಒಂದು ಬಂಗುಡೆಯನ್ನು ಎತ್ತಿ ಅವನ ಮುಖಕ್ಕೇ ಹಿಡಿದಳು. "ಇವತ್ ಬೆಳಿಗ್ಗಿನ್ ಮೀನ್ ಇದ್! ಕಣ್ಣ್ ಕಾಣ್, ಇನ್ನೂ ನಿನ್ನನ್ನೇ ಕಾಂತಿತ್ತ್. ಈ ವಾಸ್ನಿ ಸತ್ತ್, ಬೊಜ್ಜ ತಿಥಿ ಊಟವೂ ಮುಗ್ದ್ ಮೀನಿಂದ್. ಯಾರ್ ಹತ್ರ ಇತ್ತೋ ಅವ್ರನ್ ಕೇಣ್!"

ಬಸ್ಸಿನ ಸಮಸ್ತ ಕಣ್ಣುಗಳೂ (ಬಂಗುಡೆಯದ್ದೂ ಸೇರಿ) ಪ್ರೇಮಾನಂದರತ್ತ ತಿರುಗಿದವು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟಿನ ಮ್ಯಾನೇಜರ್ ಹುದ್ದೆ, ಅದಕ್ಕೆ ತಕ್ಕ ಗಾಂಭೀರ್ಯ. ಎಲ್ಲವನ್ನೂ ಒಟ್ಟುಗೂಡಿಸಿಕೊಂಡು ಅವರು ಘೋಷಿಸಿದರು: "ಇದು ವಾಸನೆಯಲ್ಲ. ಪೋಷಕಾಂಶ."

ಪೋಷಕಾಂಶವನ್ನೂ ಪೋಷಕರನ್ನೂ ತ್ರಾಸಿಯಲ್ಲಿ ಇಳಿಸಲಾಯಿತು. ಅಲ್ಲಿಂದ ಮರವಂತೆಯ ಮನೆಗೆ ನಡಿಗೆ. ಎಡಕ್ಕೆ ಸಮುದ್ರ, ಬಲಕ್ಕೆ ನದಿ. ಕ್ಯಾನನ್ನು ಎಸೆಯಲು ದೇವರು ಇಷ್ಟು ಅನುಕೂಲ ಮಾಡಿಕೊಟ್ಟ ರಸ್ತೆ ಇನ್ನೊಂದಿಲ್ಲ. ಆದರೂ ಪ್ರೇಮಾನಂದರು ಎಸೆಯಲಿಲ್ಲ. ಅದರೊಳಗಿದ್ದದ್ದು ಬರಿಯ ಕೊಳೆತ ಬೈಗೆ ಮೀನೂ ಬೆಲ್ಲವೂ ಅಲ್ಲ. ಅವರ ಹೆಗಲ ಮೇಲೆ ಬೀಳಬೇಕಾದ ಒಂದು ಶಾಲು.

ಶಾಲಿನ ವಿಷಯ ಹೇಳಲೇಬೇಕು. ಪ್ರೇಮಾನಂದರ ಹೆಂಡತಿಯ ಅಣ್ಣ ಪಾಂಡುವಿಗೆ ಊರಲ್ಲಿ ಆಗಲೇ ಹಲವು ಬಾರಿ ಸನ್ಮಾನವಾಗಿದೆ. ಕಬಡ್ಡಿ ಪಂದ್ಯಕ್ಕೆ ಕುಡಿಯುವ ನೀರು ಕೊಟ್ಟದ್ದಕ್ಕೆ ಒಂದು ಶಾಲು, ಯಕ್ಷಗಾನಕ್ಕೆ ಕುರ್ಚಿ ಸಾಗಿಸಿದ್ದಕ್ಕೆ ಇನ್ನೊಂದು, ಯಾಕೆ ಎಂದು ಕೊಟ್ಟವರಿಗೂ ಮರೆತುಹೋದದ್ದು ಮತ್ತೊಂದು. ಪ್ರೇಮಾನಂದರ ಹೆಗಲು ಕಂಡದ್ದು ಮೈ ಒರೆಸುವ ಬೈರಾಸು ಮಾತ್ರ. ಹೀಗಿರುವಾಗ ಆ ಜೂನಿನಲ್ಲಿ ಬ್ರಹ್ಮಾವರದಲ್ಲಿ ಒಂದು ದಿನದ ಸಾವಯವ ತೋಟಗಾರಿಕೆ ಶಿಬಿರ ನಡೆಯಿತು. ಪಾಠ ಹೇಳಿದ ಶ್ರೀಲತಾ ಮೇಡಂ ಕೊನೆಯಲ್ಲಿ, "ಮನೆಯಲ್ಲಿ ಸಾವಯವವಾಗಿ ಡೇರೆ ಹೂ ಬೆಳೆಸಿ. ನವರಾತ್ರಿಗೆ ನಾನೇ ಬಂದು ನೋಡ್ತೇನೆ. ಎಲ್ಲಕ್ಕಿಂತ ಒಳ್ಳೆಯ ಹೂ ಬೆಳೆಸಿದವರನ್ನು ಕುಂದಾಪುರದ ವೇದಿಕೆಯಲ್ಲಿ ಮಾತಾಡಿಸಿ ಸನ್ಮಾನ ಮಾಡ್ತೇವೆ" ಅಂದರು. ಪ್ರೇಮಾನಂದರಿಗೆ ವೇದಿಕೆ ಕಾಣಿಸಿತು, ಮೈಕು ಕಾಣಿಸಿತು, ಮುಂದಿನ ಸಾಲಿನಲ್ಲಿ ಸಪ್ಪೆ ಮುಖ ಮಾಡಿಕೊಂಡು ಕೂತ ಪಾಂಡುಭಾವ ಕಾಣಿಸಿದ. ಹೂವೊಂದೇ ಸ್ಪಷ್ಟವಾಗಿ ಕಾಣಿಸಲಿಲ್ಲ.

ಮರುದಿನವೇ ಅಂಗಳದ ಬಸಳೆ ಚಪ್ಪರ ನೆಲಕ್ಕುರುಳಿತು.

"ಹ್ವಾಯ್, ಎಂತ ಮಾಡ್ತಿದ್ರಿ ನೀವ್?" ಹೆಂಡತಿ ಹರಿಣಾಕ್ಷಿ ಅಡುಗೆಮನೆಯಿಂದ ಓಡಿಬಂದಳು. ಹೆಸರಿಗೆ ಜಿಂಕೆಯ ಕಣ್ಣು. ಆ ಕ್ಷಣ ಮಾತ್ರ ಜಿಂಕೆಯನ್ನು ತಿನ್ನುವ ಪ್ರಾಣಿಯದ್ದು.

"ಡೇರೆ ಗೆಡ್ಡೆ ನೆಡ್ತೆ. ಸಾವಯವ."

"ಸಾವಯವವೋ ಸಾವೋ, ನಂಗ್ ಗೊತ್ತಿಲ್ಲ. ನಾಳಿಗೆ ಸಿಗಡಿ ತಂದ್ರೆ ಎಂತದ್ರೊಟ್ಟಿಗ್ ಬೇಯ್ಸುದ್? ನಿಮ್ಮ್ ಡೇರೆ ಸೊಪ್ಪಿನೊಟ್ಟಿಗಾ?"

"ಹೂ ಬಿಟ್ಟ್ ಮ್ಯಾಲೆ ನೀನೇ ಹೇಳ್ತೆ ಕಾಣ್."

"ಹೂ ಬಿಡ್ಲಿ, ಬಿಡ್ದೇ ಇರ್ಲಿ. ಒಂದ್ ಗೆಡ್ಡಿ ನಂಗ್ ಕೊಡಿ. ಕೊಲ್ಲೂರಮ್ಮನ ಹೆಸ್ರಲ್ ಬಿಡ್ತೆ. ಅದಕ್ಕ್ ನಿಮ್ಮ್ ಮೀನಿನ್ ನೀರ್ ತಾಗ್ಸುಕಾಗ."

ದೇವರಿಗೆ ಬಿಡುವುದು ಆ ಮನೆಯ ಪದ್ಧತಿ. ಹೊಸ ತೋಟದ ಮೊದಲ ತೆಂಗು, ಹಟ್ಟಿಯ ಒಂದು ಕೋಳಿ, ಹೀಗೆ. ಬಿಟ್ಟದ್ದನ್ನು ಮನೆಯವರು ಮುಟ್ಟುವ ಹಾಗಿಲ್ಲ. ಹರಿಣಾಕ್ಷಿ ಗೆಡ್ಡೆಗಳಲ್ಲೇ ಬಡಕಲಾದದ್ದನ್ನು ಆರಿಸಿ, ಒಡಕು ಕುಂಡದಲ್ಲಿ ನೆಟ್ಟು, ಕೈಮುಗಿದು, ಹಿಂದಿನ ಸೌದೆ ಕೊಟ್ಟಿಗೆಯಾಚೆ ಇಟ್ಟುಬಂದಳು. ಪ್ರೇಮಾನಂದರಿಗೆ ಆ ದಿಕ್ಕು ಅಂದಿನಿಂದ ಪರದೇಶ.

ಆಮೇಲೆ ಆ ಕ್ಯಾನಿನ ಮತ್ಸ್ಯಾಮೃತದ ಅಭಿಷೇಕ ಶುರುವಾಯಿತು. (ಹೆಸರು ಅವರದ್ದೇ. ಶಿಬಿರದಲ್ಲಿ ಇದನ್ನು ಸುಮ್ಮನೆ ಮೀನುಗೊಬ್ಬರದ ನೀರು ಅಂದಿದ್ದರು. ಒಂದು ಲೋಟಕ್ಕೆ ಒಂದು ಕೊಡ ನೀರು ಬೆರೆಸಿ ಅಂತಲೂ ಅಂದಿದ್ದರು. ಪ್ರೇಮಾನಂದರು ಕೊಡುಗೈ ದಾನಿ. ಕೊಡವನ್ನೂ ಲೋಟವನ್ನೂ ಅದಲುಬದಲು ಮಾಡಿಕೊಂಡರು.) ಡೇರೆ ಗಿಡಗಳಿಗೂ ಮೊದಲು ಊರಿನ ಬೆಕ್ಕುಗಳು ಅಂಗಳದಲ್ಲಿ ಡೇರೆ ಹಾಕಿದವು. ನೆರೆಮನೆಯವರು ಆ ಕಡೆಯ ಕಿಟಕಿಗೆ ಮೊಳೆ ಹೊಡೆದರು.

ಒಂದು ಬೆಳಿಗ್ಗೆ ಕ್ಯಾನು ಎತ್ತಿದ ಕೈಯನ್ನು ಹರಿಣಾಕ್ಷಿ ಅರ್ಧದಲ್ಲೇ ತಡೆದಳು. "ಇವತ್ ಸೋಮವಾರ."

"ಸೋಮವಾರ ಮೀನ್ ತಿನ್ನದೇ ಇಪ್ಪುದ್ ನಾವ್. ಗಿಡಕ್ಕ್ ಎಂತ ಸೋಮವಾರ?"

"ನಮ್ಮನೆ ಗಿಡಕ್ಕ್ ನಮ್ಮನೆ ಸೋಮವಾರ!"

ಹೀಗೆ ಗಿಡಗಳು ಸೋಮವಾರ ಉಪವಾಸ ಮಾಡಿ ಮಂಗಳವಾರ ದುಪ್ಪಟ್ಟು ಉಂಡವು. ಉಂಡದ್ದು ಮೈಗೆ ಹತ್ತಿತು. ಸೆಪ್ಟೆಂಬರಿನಲ್ಲಿ ಸೋಣೆ ತಿಂಗಳು ಮುಗಿಯುವಾಗ ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಬೆಳೆದವು. ಕಾಂಡವೋ ಕೈಬೆರಳಿನಷ್ಟು ದಪ್ಪ. ಎಲೆಯೋ, ಎಲ್ಲಿ ನೋಡಿದರೂ ಎಲೆ, ನೋಡಿದವರು "ಎಲೆಲೆ!" ಎನ್ನುವಷ್ಟು ಎಲೆ. ಚೌತಿ ಬಂದು ಹೋಯಿತು. ಎಷ್ಟು ಕೇಳಿಕೊಂಡರೂ ಗಿಡಗಳು ಹೂವನ್ನೂ ಕೊಡಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಪ್ರೇಮಾನಂದರ ನಿದ್ದೆ ಕೆಟ್ಟಿತು. ಜೊತೆಗೆ ಒಂದು ಸಂಶಯವೂ ಹುಟ್ಟಿತು. ಇತ್ತೀಚೆಗೆ ತಮ್ಮ ಚಹಾ ಕಪ್ಪಗಾಗುತ್ತಿದೆ. ಹಾಲೆಲ್ಲ ಎಲ್ಲಿ ಹೋಗುತ್ತಿದೆ? ಹರಿಣಾಕ್ಷಿ ಹಿಂದಿನ ಕುಂಡಕ್ಕೆ ಗುಟ್ಟಾಗಿ ಹಾಲು ಹೊಯ್ಯುತ್ತಿರಬಹುದೆ? ತುಪ್ಪವನ್ನೂ? ಹೋಗಿ ನೋಡಲು ಸ್ವಾಭಿಮಾನ ಬಿಡಲಿಲ್ಲ. ಹೆಂಡತಿಯ ಗಿಡ ಹೂ ಬಿಟ್ಟಿದ್ದರೆ ಅದನ್ನು ಕಾಣುವ ಧೈರ್ಯವೂ ಇರಲಿಲ್ಲ.

ನವರಾತ್ರಿಯ ಒಂದು ಮಧ್ಯಾಹ್ನ ಶ್ರೀಲತಾ ಮೇಡಂ ಬಂದೇಬಿಟ್ಟರು. ಗೇಟಿನಲ್ಲಿ ಒಮ್ಮೆ ತಡೆದು ನಿಂತರು, ಸೆರಗು ಮೂಗಿಗೇರಿತು. ಆಮೇಲೆ ಅಂಗಳದ ಹಸಿರು ಗೋಡೆಯನ್ನು ಆ ತುದಿಯಿಂದ ಈ ತುದಿಗೆ ದಿಟ್ಟಿಸಿದರು.

"ಒಳ್ಳೆ ಬೆಳೆದಿದೆ. ಯಾವ ಸೊಪ್ಪು ಇದು?"

"ಡೇರೆ, ಮೇಡಂ."

"ಹೂ?"

"ಬರುವ ಹಾದಿಯಲ್ಲಿದೆ" ಎಂದರು ಪ್ರೇಮಾನಂದರು, ಬಸ್ಸು ತಪ್ಪಿಸಿಕೊಂಡ ನೆಂಟನ ಬಗ್ಗೆ ಹೇಳುವಂತೆ.

"ಗೊಬ್ಬರ ಅತಿಯಾದ್ರೆ ಹೀಗೇ. ತಿಂದು ತಿಂದು ಸೊಂಪಾಗಿದೆ, ಹೂ ಬಿಡುವ ಯೋಚನೆಯೇ ಅದಕ್ಕಿಲ್ಲ. ಇಲ್ಲಿ ಸ್ವಲ್ಪ ಗಾಳಿ ಎಲ್ಲಿ ಬರ್ತದೆ?" ಎನ್ನುತ್ತ ಮೇಡಂ ಉತ್ತರಕ್ಕೂ ಕಾಯದೆ ಮನೆಯ ಹಿಂದಕ್ಕೆ ನಡೆದರು. ಸೌದೆ ಕೊಟ್ಟಿಗೆ ದಾಟಿದವರು ಅಲ್ಲಿಂದಲೇ ಕೂಗಿದರು: "ಪ್ರೇಮಾನಂದರೇ!"

ಒಡಕು ಕುಂಡದಲ್ಲಿ, ಎರಡೂ ಕೈ ಜೋಡಿಸಿದರೂ ತುಂಬಿ ಹೊರಚಾಚುವಷ್ಟು ದೊಡ್ಡದಾಗಿ, ಕುಂಕುಮದ ಬಣ್ಣದ ಡೇರೆ ಅರಳಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಹಿಂದೆ ಮೊಗ್ಗುಗಳ ಸಾಲು.

"ಇದಕ್ಕೂ ಅದೇ ಮೀನುಗೊಬ್ಬರವೇ?"

'ಹೌದು' ಎಂಬ ಪದ ಪ್ರೇಮಾನಂದರ ನಾಲಗೆಯ ತುದಿಗೆ ಬಂದು ಶಾಲು ಹೊದ್ದು ನಿಂತಿತು. ಅಷ್ಟರಲ್ಲಿ ಬಾಗಿಲಲ್ಲಿ ಹರಿಣಾಕ್ಷಿ ಕಾಣಿಸಿದಳು. ನವರಾತ್ರಿ ಬೇರೆ. ಅಮ್ಮನ ಗಿಡದ ಮುಂದೆ ನಿಂತು ಸುಳ್ಳು ಹೇಳಿದರೆ ಕೊಲ್ಲೂರಿನವಳು ಕ್ಷಮಿಸಿದರೂ ಮರವಂತೆಯವಳು ಬಿಡುವುದಿಲ್ಲ.

"ಅಲ್ಲ" ಎಂದರು ಸಣ್ಣಗೆ. "ಅದು... ಮನೆಯವಳ ವಿಭಾಗ."

"ಹಾಗಾದ್ರೆ ಕುಂದಾಪುರದಲ್ಲಿ ಮಾತಾಡಬೇಕಾದ್ದು ಇವರೇ!" ಮೇಡಂ ಹರಿಣಾಕ್ಷಿಯ ಕೈ ಹಿಡಿದುಕೊಂಡರು. ಒಂದು ಶಾಲು ಪ್ರೇಮಾನಂದರ ಹೆಗಲ ಹತ್ತಿರದವರೆಗೆ ಬಂದು, ಅಲ್ಲೇ ತಿರುಗಿ, ಪಾಂಡುವಿನ ವಂಶಕ್ಕೇ ಮರಳಿತು. ಹೋಗಲಿ, ಗುಟ್ಟಾದರೂ ತಿಳಿಯಲಿ ಎಂದು ಅವರು ಕಿವಿ ನಿಮಿರಿಸಿದರು. ಹಾಲೋ? ತುಪ್ಪವೋ? ಮಜ್ಜಿಗೆಯೋ?

"ಹೇಳಿ, ಎಂಥ ಆರೈಕೆ ಮಾಡಿದ್ರಿ ಇದಕ್ಕೆ?" ಮೇಡಂ ಕೇಳಿದರು.

ಹರಿಣಾಕ್ಷಿ ಹೂವನ್ನು ನೋಡಿದಳು. ಅವಳೂ ಅದನ್ನು ನೋಡುತ್ತಿರುವುದು ಆಗಲೇ ಮೊದಲು ಎಂಬುದು ಅವಳ ಮುಖದಲ್ಲಿತ್ತು.

"ಎಂತ ಆರೈಕೆ ಮೇಡಂ? ಇಟ್ಟ್ ಮ್ಯಾಲೆ ನಾನ್ ಈ ಬದಿಗೇ ಬರ್ಲಿಲ್ಲ. ಅಮ್ಮಂಗ್ ಬಿಟ್ಟದ್ದಲ್ದಾ, ಅಮ್ಮನೇ ಕಾಣ್ಕ್. ನಂಗೆ ಇವ್ರೊಬ್ರನ್ ಕಂಡ್ಕಂಬುದೇ ಸಾಕಾಯ್ತ್."