ಕ್ಷೌರಿಕ ಹುಡುಕಿಕೊಂಡು ಬಂದ ದಿನ

ಬೆಳಗ್ಗೆ ಆರೂವರೆಗೆ ಊರಿನ ಕ್ಷೌರಿಕ ಕೈಯಲ್ಲಿ ಕತ್ತಿ ಹಿಡಿದು ಗುಮಾಸ್ತನನ್ನು ಹುಡುಕಿಕೊಂಡು ಬಂದು ಹೋದ. ಗುಮಾಸ್ತ ಆಗ ಹಿತ್ತಲಿನಲ್ಲಿ ಹಲ್ಲುಜ್ಜುತ್ತಿದ್ದ. ಅವನು ಉಳಿದುಕೊಂಡಿದ್ದ ಮನೆಯ ಅಜ್ಜಿ ಹವಾಮಾನದ ವರದಿ ಓದುವವರಂತೆ ಸುದ್ದಿ ಹೇಳಿದಳು.

"ಕತ್ತಿ ಚೆನ್ನಾಗಿ ಮಸೆದಿದ್ದ ಕಣಪ್ಪ. ಸಂಜೆ ವ್ಯಾನ್ ಹೊರಡೋದ್ರೊಳಗೆ ನೀನು ಸಿಗಲೇಬೇಕಂತೆ."

"ಯಾಕಂತೆ ಅಜ್ಜಿ?"

"ನಾನು ಕೇಳ್ಲಿಲ್ಲ. ಕತ್ತಿ ಹಿಡ್ಕೊಂಡು ಬಂದವನನ್ನ ಯಾರಾದ್ರೂ ಯಾಕೆ ಅಂತ ಕೇಳ್ತಾರಾ?"

ಗುಮಾಸ್ತನ ಬಾಯಲ್ಲಿದ್ದ ನೊರೆ ಗಂಟಲಿಗಿಳಿಯಿತು.

ಸಮುದ್ರದಾಚೆಯ ತನ್ನ ಊರಿನಲ್ಲಿ ಅವನು ನೀರು ಸರಬರಾಜು ಕಚೇರಿಯ ನೌಕರ. ಚರ್ಚಿನ ಸೇವಾ ತಂಡದೊಂದಿಗೆ ಈ ಹಳ್ಳಿಗೆ ಬಂದು ತಿಂಗಳಾಗಿತ್ತು. ತಂಡದ ವೈದ್ಯೆ ಔಷಧಿ ಕೊಡುತ್ತಿದ್ದಳು, ಬಡಗಿ ಶಾಲೆಗೆ ಬೆಂಚು ಮಾಡುತ್ತಿದ್ದ. ಫೈಲು ಕಟ್ಟುವುದರ ಹೊರತು ಏನೂ ಬಾರದ ಗುಮಾಸ್ತನ ಕೈಗೆ ತಂಡದ ಮುಖ್ಯಸ್ಥರಾದ ಪಾಸ್ಟರ್ ಒಂದು ಕತ್ತರಿ ಕೊಟ್ಟು, ಊರಿನವರಿಗೆ ಉಚಿತವಾಗಿ ತಲೆಗೂದಲು ಕತ್ತರಿಸುವ ಸೇವೆ ವಹಿಸಿದ್ದರು. ಊರಿನಲ್ಲಿ ಆಗಲೇ ಒಬ್ಬ ಕ್ಷೌರಿಕನಿದ್ದಾನೆಯೇ ಎಂದು ಯಾರೂ ವಿಚಾರಿಸಿರಲಿಲ್ಲ.

ಇದ್ದ. ಬಾಗಿಲಿನಲ್ಲಿ ನಿಂತರೆ ಕೋಣೆ ಕತ್ತಲಾಗುವಂಥ ಆಳು. ಮಾತು ಕಡಿಮೆ. ತಿಂಗಳಿಡೀ ತನ್ನ ಖಾಲಿ ಅಂಗಡಿಯ ಮುಂದೆ ಕೈಕಟ್ಟಿ ನಿಂತು, ಬೀದಿಯಲ್ಲಿ ಹಾದುಹೋಗುವ ತಲೆಗಳನ್ನು ನೋಡುತ್ತಿದ್ದ. ನೋಡುವಂತೆಯೇ ಇದ್ದವು. ಎಡಗಡೆ ಹೆಚ್ಚಾಯಿತೆಂದು ಬಲಗಡೆ, ಬಲಗಡೆ ಹೆಚ್ಚಾಯಿತೆಂದು ಎಡಗಡೆ ಕತ್ತರಿಸುತ್ತ ಹೋಗಿ ಗುಮಾಸ್ತ ಶಾಲೆಯ ಮೇಷ್ಟ್ರ ತಲೆಯನ್ನು ಆಡು ಮೇಯ್ದ ಗುಡ್ಡದಂತೆ ಮಾಡಿಟ್ಟಿದ್ದ. ಆದರೂ ಬಿಟ್ಟಿ ಎಂದು ಜನ ಬರುತ್ತಲೇ ಇದ್ದರು.

ಹಳ್ಳಿಯ ಬದುಕಿಗೆ ಗುಮಾಸ್ತ ಹೇಗೋ ಒಗ್ಗಿಕೊಂಡಿದ್ದ. ತಣ್ಣೀರಿನ ಸ್ನಾನಕ್ಕೂ ಒಗ್ಗಿದ್ದ, ತಲೆದಿಂಬಿನ ಮೇಲೆ ಬಂದು ಕೂರುವ ಕೋಳಿಗೂ ಒಗ್ಗಿದ್ದ. ಒಗ್ಗದೆ ಉಳಿದದ್ದು ಒಂದೇ: ಇಲ್ಲಿ ಯಾರು ಎಲ್ಲಿದ್ದಾರೆಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಒಬ್ಬ ಸೀನಿದರೆ ಹಿಂದಿನ ಬೀದಿಯವರು ಆರೋಗ್ಯ ವಿಚಾರಿಸುತ್ತಿದ್ದರು. ಇಂಥ ಊರಿನಲ್ಲಿ ಸಂಜೆ ನಾಲ್ಕರವರೆಗೆ ಬಚ್ಚಿಟ್ಟುಕೊಳ್ಳಬೇಕಿತ್ತು. ನಾಲ್ಕಕ್ಕೆ ತಂಡದ ವ್ಯಾನು ಮುಂದಿನ ಹಳ್ಳಿಗೆ ಹೊರಡುತ್ತಿತ್ತು. ಅದನ್ನು ಹತ್ತಿಬಿಟ್ಟರೆ ಕುತ್ತಿಗೆ ಉಳಿದಂತೆ.

ಮೊದಲು ಹಿಟ್ಟಿನ ಗಿರಣಿಗೆ ಓಡಿ ಮೂಟೆಗಳ ಸಂದಿಯಲ್ಲಿ ಕೂತ. ಗಿರಣಿಯವನು ಒಳ್ಳೆಯವನು, ಒಳ್ಳೆಯತನವೇ ಹೆಚ್ಚು. ಬೀದಿಯಲ್ಲಿ ಕ್ಷೌರಿಕ ಕಂಡದ್ದೇ ತಡ, ಯಂತ್ರ ನಿಲ್ಲಿಸಿ ಕೂಗಿದ: "ಅಣ್ಣಾ, ನೀನು ಹುಡುಕ್ತಿರೋರು ಇಲ್ಲೇ ಇದ್ದಾರೆ, ಬಾ."

ಗುಮಾಸ್ತ ಹಿಂದಿನ ಕಿಟಕಿಯಿಂದ ಹಾರಿ ಶಾಲೆಗೆ ನುಗ್ಗಿದ.

"ಮೇಷ್ಟ್ರೇ, ಬಾಗಿಲು ಹಾಕಿ. ಕ್ಷೌರಿಕ ಕತ್ತಿ ಹಿಡ್ಕೊಂಡು ತಿರುಗ್ತಿದ್ದಾನೆ."

ಮೇಷ್ಟ್ರು ತಮ್ಮ ತಲೆ ಸವರಿಕೊಂಡರು. "ಗೊತ್ತು. ನಿನ್ನೆ ಅಂಗಡಿ ಮುಂದೆ ನನ್ನನ್ನ ನಿಲ್ಲಿಸಿ ತಲೆ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಇದನ್ನೂ ಅವರೇ ಮಾಡಿದ್ದಾ ಅಂತ ಕೇಳಿದ. ಹೌದು ಅಂದೆ."

"ಇಲ್ಲ ಅನ್ನಬಾರದಾಗಿತ್ತಾ?"

"ಮತ್ತೆ ಯಾರು ಮಾಡಿದ್ದು ಅಂತ ಹೇಳ್ಲಿ, ಸ್ವಾಮಿ? ಈ ಕೈಗುಣ ಇನ್ಯಾರಿಗಿದೆ?"

ಅಷ್ಟರಲ್ಲಿ ಅಂಗಳದಲ್ಲಿ ಭಾರವಾದ ಹೆಜ್ಜೆ ಕೇಳಿಸಿತು. ಗುಮಾಸ್ತ ಕಪ್ಪುಹಲಗೆಯ ಹಿಂದೆ ಉಸಿರು ಬಿಗಿಹಿಡಿದು ನಿಂತ. ಕ್ಷೌರಿಕ ಒಳಗೆ ಇಣುಕಿ ನೋಡಿ, ಏನೂ ಹೇಳದೆ ಹೋದ. ಬೈದಿದ್ದರೂ ಧೈರ್ಯ ಬರುತ್ತಿತ್ತು.

ಮಧ್ಯಾಹ್ನ ಚರ್ಚಿನಲ್ಲಿ ಬೀಳ್ಕೊಡುಗೆಯ ಪ್ರಾರ್ಥನಾ ಸಭೆಯಿತ್ತು. ಪಾಸ್ಟರ್ ಕಾಲಿಗೆ ಬಿದ್ದಾದರೂ ಕಾಪಾಡಿಕೊಳ್ಳೋಣವೆಂದು ಗುಮಾಸ್ತ ಗೋಡೆ ಹಿಡಿದುಕೊಂಡು ಅಲ್ಲಿಗೆ ಬಂದು, ಕಿಟಕಿಯಲ್ಲಿ ಇಣುಕಿದ. ಒಳಗೆ ಪಾಸ್ಟರ್ ಪಕ್ಕದಲ್ಲೇ ಕ್ಷೌರಿಕ ಕೂತಿದ್ದ. ಕತ್ತಿ ತೊಡೆಯ ಮೇಲಿತ್ತು. ಪಾಸ್ಟರ್ ಏನೋ ಕೇಳಿದರು. ಇಡೀ ಊರು ಕೈ ಎತ್ತಿತು. ಅಜ್ಜಿಯಂತೂ ಎರಡೂ ಕೈ ಎತ್ತಿದಳು. ಗುಮಾಸ್ತನ ಹೆಸರು ಹೇಳಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸತೊಡಗಿದರು.

ಬದುಕಿರುವವನಿಗೆ ಇಷ್ಟು ಭಕ್ತಿಯಿಂದ ಯಾರೂ ಪ್ರಾರ್ಥಿಸುವುದಿಲ್ಲ. ಪಾಸ್ಟರೂ ಕೈಬಿಟ್ಟರೆಂದು ಗುಮಾಸ್ತನಿಗೆ ಖಚಿತವಾಯಿತು. ಒಳಗೆ ಹೋಗುವ ಮಾತೇ ಇಲ್ಲ. ಗಿರಣಿಯವನೂ ಸಭೆಯಲ್ಲಿ ಇದ್ದುದರಿಂದ ಗುಮಾಸ್ತ ಮತ್ತೆ ಗಿರಣಿಗೇ ಓಡಿ, ಖಾಲಿ ಗೋಣಿಚೀಲವೊಂದನ್ನು ತಲೆಯಿಂದ ಕೆಳಗೆ ಎಳೆದುಕೊಂಡು ಮೂಲೆಯಲ್ಲಿ ಮೂಟೆಯಂತೆ ಕೂತ. ಇಲಿಯೊಂದು ಕಾಲ ಮೇಲೆ ಹರಿದಾಡಿತು. ಅವನು ಮಿಸುಕಲಿಲ್ಲ.

ನಾಲ್ಕಕ್ಕೆ ವ್ಯಾನಿನ ಹಾರನ್ ಕೇಳಿಸಿತು. ಚೀಲ ಕಿತ್ತೆಸೆದು, ಅಡಿಯಿಂದ ಮುಡಿಯವರೆಗೆ ಹಿಟ್ಟಾಗಿದ್ದ ಗುಮಾಸ್ತ ಬೀದಿಗುಂಟ ಓಡಿದ. ನಾಯಿಗಳು ಹಿಂದೆ ಬಿದ್ದವು. ವ್ಯಾನಿನ ಬಾಗಿಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ಕ್ಷೌರಿಕ ಅಡ್ಡ ಬಂದು ನಿಂತ. ಕತ್ತಿ ಬಿಸಿಲಿಗೆ ಮಿಂಚಿತು.

"ಬೆಳಗ್ಗೆಯಿಂದ ಎಲ್ಲಿ ಹೋಗಿದ್ರಿ ಸ್ವಾಮಿ?"

"ತಪ್ಪಾಯ್ತಣ್ಣ," ಗುಮಾಸ್ತ ಕೈ ಮುಗಿದ. "ಇನ್ಮೇಲೆ ಜನ್ಮದಲ್ಲಿ ಕತ್ತರಿ ಮುಟ್ಟಲ್ಲ."

"ಹಾಗನ್ನಬೇಡಿ." ಕ್ಷೌರಿಕ ಕತ್ತಿ ಮಡಚಿ ಅವನ ಅಂಗೈಯಲ್ಲಿಟ್ಟ. ಅದರ ಮೇಲೆ ತನ್ನ ಅಂಗಡಿಯ ಬೀಗದ ಕೈ ಇಟ್ಟ. "ನಮ್ಮಪ್ಪನ ಕತ್ತಿ ಇದು. ಮಸೆಯೋದು ಹೇಳಿಕೊಡೋಣ ಅಂತ ಊರೆಲ್ಲ ಹುಡುಕಿದೆ. ಮೇಷ್ಟ್ರಿಗೆ ತೋರಿಸಿಟ್ಟಿದ್ದೀನಿ, ಇನ್ನು ಅವರನ್ನ ಕೇಳ್ಕೊಳ್ಳಿ."

ಹಾಗೆಂದವನೇ ವ್ಯಾನ್ ಹತ್ತಿ ಗುಮಾಸ್ತನ ಸೀಟಿನಲ್ಲಿ ಕೂತ.

ಪಾಸ್ಟರ್ ಕಿಟಕಿಯಿಂದ ತಲೆ ಹೊರಹಾಕಿದರು. "ಪಾಪ, ಹುಟ್ಟಿದಾಗಿನಿಂದ ಊರು ಬಿಟ್ಟು ಹೋದವನಲ್ಲ. ಇನ್ನೊಬ್ಬ ಕ್ಷೌರಿಕ ಸಿಗೋವರೆಗೆ ಜನ ಬಿಡ್ತಿರಲಿಲ್ಲವಂತೆ. ನೀವು ಇಲ್ಲಿರ್ತೀರಿ ಅಂದ್ರೆ ನಮ್ಮ ಜತೆ ಬಂದು ಸೇವೆ ಮಾಡ್ತೀನಿ ಅಂದ. ಸಭೇಲಿ ಕೇಳಿದೆ, ಎಲ್ಲರೂ ಒಪ್ಪಿದ್ರು. ನಿಮಗೇನಾದ್ರೂ ಆಕ್ಷೇಪಣೆ ಇದ್ರೆ ಬಂದು ಹೇಳ್ತೀರಿ ಅಂತ ತುಂಬಾ ಹೊತ್ತು ಕಾದೆ. ನೀವು ಬರಲೇ ಇಲ್ಲ."

"ಅಯ್ಯೋ, ನನಗೆ ಗಡ್ಡ ಹೆರೆಯೋಕೆ ಬರಲ್ಲ ಪಾಸ್ಟರ್. ಈ ಕತ್ತಿ ಹಿಡಿದೇ ಗೊತ್ತಿಲ್ಲ."

"ಅದಕ್ಕೇ ಎಲ್ಲರೂ ಸೇರಿ ಪ್ರಾರ್ಥನೆ ಮಾಡಿದ್ವಲ್ಲ," ಎಂದರು ಪಾಸ್ಟರ್. ವ್ಯಾನು ಹೊರಟಿತು.

ಮರುದಿನ ಬೆಳಗ್ಗೆ ಅಂಗಡಿಯ ಕುರ್ಚಿಯಲ್ಲಿ ಊರಿನ ಪೊಲೀಸ್ ಪೇದೆ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಗಲ್ಲ ಮೇಲೆತ್ತಿ ಕಾದಿದ್ದ.