ನಮ್ಮವರ ಕಲ್ಲು, ನನ್ನ ಫಲಕ

ಕೆರೆಯ ದಂಡೆಗೆ ನಿಯಮದ ಫಲಕ ನೆಟ್ಟರೆ ಜಗಳ ಕಡಿಮೆಯಾಗುತ್ತದೆ ಎಂದು ನಂಬಿದವರು ಒಂದು ಭಾನುವಾರ ಅಲ್ಲಿ ಬಂದು ಕುಳಿತು ನೋಡಬೇಕು. ಮೊದಲು ಜನ ಸುಮ್ಮನೆ ಮೀನು ಹಿಡಿಯುತ್ತಿದ್ದರು. ಈಗ ಫಲಕದ ಮುಂದೆ ನಿಂತು ವಾದ ಮಾಡಿ, ಆಮೇಲೆ ಹಿಡಿಯುತ್ತಾರೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಈ ಕೆರೆಯ ಫಲಕ ಬರೆದವಳು ನಾನೇ. ಅಲ್ಲಿನ ಊರಿನ ಶಾಲೆಯಲ್ಲಿ ಟೀಚರ್. ಅಕ್ಷರ ದುಂಡಗಿವೆ ಎಂದು ಮೀನುಗಾರರ ಸಂಘದವರು ಆರು ವರ್ಷದ ಹಿಂದೆ ಬಣ್ಣದ ಡಬ್ಬಿ ತಂದುಕೊಟ್ಟಿದ್ದರು.

ನಿಯಮಗಳು ಐದು. ಗೇಣಿಗಿಂತ ಚಿಕ್ಕ ಮೀನನ್ನು ನೀರಿಗೆ ಬಿಡಬೇಕು. ಒಬ್ಬರಿಗೆ ಒಂದೇ ಗಾಳ. ಕೆರೆಗೆ ಹೊಲಸು ಹಾಕಬಾರದು. ಒಬ್ಬರ ಪರವಾನಗಿಯನ್ನು ಇನ್ನೊಬ್ಬರು ಬಳಸಬಾರದು. ಇದನ್ನು ಕೆಂಪು ಬಣ್ಣದಲ್ಲಿ ಬರೆಯೋಣ ಎಂದು ಸಲಹೆ ಕೊಟ್ಟವಳೂ ನಾನೇ. ಐದನೆಯದು: ಸತತ ಮೂರು ಭಾನುವಾರ ಗಾಳ ಬೀಳದ ಕಲ್ಲು ಬೇರೆಯವರಿಗೆ.

ಒಡ್ಡಿನ ಕೆಳಗೆ ನೀರಿಗೆ ತಾಗಿ ಹನ್ನೊಂದು ಚಪ್ಪಟೆ ಕಲ್ಲುಗಳಿವೆ, ಒಂದೊಂದಕ್ಕೆ ಒಬ್ಬೊಬ್ಬ ಧಣಿ. ಜಾಲಿಮರದ ನೆರಳಿನ ಕಲ್ಲು ನಮ್ಮವರದು. ಆರು ದಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ, ಏಳನೆಯ ದಿನ ಆ ಕಲ್ಲು. ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮೀನು ಮೊಟ್ಟೆ ಇಡುವ ಕಾಲವೆಂದು ಮಳೆಗಾಲದ ಎರಡು ತಿಂಗಳು ಕೆರೆ ಬಂದ್ ಇತ್ತು. ತೆರೆದ ಮೊದಲ ಭಾನುವಾರ ನಾನು ಹೋಗಿ ಆ ಕಲ್ಲಿನ ಮೇಲೆ ಕುಳಿತೆ. ಬರಿಗೈಯಲ್ಲಿ. ಪರವಾನಗಿ ಅವರದು, ನಾನು ಬಳಸುವಂತಿಲ್ಲ. ಹೊಸದನ್ನು ಸಂಘದವರು ಈ ವರ್ಷ ಯಾರಿಗೂ ಕೊಡುತ್ತಿಲ್ಲ.

ಕಬ್ಬಿಣದ ಅಂಗಡಿಯ ಸಾವಕಾರರಿಗೆ ಆ ನೆರಳಿನ ಮೇಲೆ ಬಹಳ ದಿನದಿಂದ ಕಣ್ಣು. ಬಂದು ಮರ್ಯಾದೆಯಿಂದಲೇ ಹೇಳಿದರು: "ನೀವು ಕುಂತಿದ್ದಕ್ಕ ಬ್ಯಾಡ ಅನ್ನಂಗಿಲ್ರಿ ಅಕ್ಕೋರ. ಆದ್ರ ಗಾಳ ಬಿದ್ದಿಲ್ಲ. ಇದು ಒಂದನೇ ಐತವಾರ."

ಯಾರ ಗೇಣು

ಕೆರೆಯ ಕಾವಲುಗಾರರಿಗೆ ಎಲ್ಲರೂ ಚಾಚಾ ಎನ್ನುತ್ತಾರೆ. ಓದಲು ಬಾರದು. ನಾನು ಒಮ್ಮೆ ಓದಿ ಹೇಳಿದ ಐದೂ ನಿಯಮಗಳು ಅವರಿಗೆ ಬಾಯಿಪಾಠ. ಅಂದು ತೊಗರಿ ಹೊಲದ ರೈತನೊಬ್ಬ ಹಿಡಿದ ಮೀನಿನ ಮೇಲೆ ಚಾಚಾ ತಮ್ಮ ಅಗಲ ಅಂಗೈ ಇಟ್ಟು ಅಳೆದರು. "ಗೇಣಿಲ್ಲಪಾ. ಬಿಡು."

ಅವನು ಬಿಡಲಿಲ್ಲ. ಮೋಟಾರ್ ಸೈಕಲ್ ಹತ್ತಿ ಊರಿಗೆ ಹೋಗಿ, ತಾಯಿಯನ್ನು ಹಿಂದೆ ಕೂರಿಸಿಕೊಂಡು ಬಂದ. ಆಕೆಯದು ಬೊಂಬೆಯಂಥ ಕೈ. ಇಟ್ಟು ಅಳೆದರೆ ಮೀನು ಒಂದು ಬೆರಳು ಹೆಚ್ಚೇ ಇತ್ತು. "ಫಲಕದಾಗ ಯಾರ ಗೇಣು ಅಂತ ಬರದಿಲ್ರಿ ಅಕ್ಕೋರ," ಎಂದ.

ತಪ್ಪು ನನ್ನದೇ. ಚೀಲದಿಂದ ಸ್ಕೇಲು ತೆಗೆದು ಫಲಕದ ಕಂಬದ ಮೇಲೆ ಒಂಬತ್ತು ಇಂಚಿಗೆ ಗೆರೆ ಎಳೆದೆ. ಮೀನು ಕಡಿಮೆ ಬಿತ್ತು.

"ಈಗರೆ ನೀರಿಗೆ ಬಿಡಪಾ," ಎಂದರು ಚಾಚಾ.

"ಊರಿಗಿ ಹೋಗಿ ಬರೂದ್ರಾಗ ಸತ್ತದಲ್ರಿ. ಸತ್ತ ಮೀನ ಕೆರಿಗಿ ಹಾಕಿದ್ರ ಹೊಲಸಲ್ಲೇನ್ರಿ? ಮೂರನೇ ನಿಯಮ."

ಅಷ್ಟರಲ್ಲಿ ತಾಯಿ ಅದನ್ನು ಸೆರಗಿನ ತುದಿಗೆ ಕಟ್ಟಿಯಾಗಿತ್ತು.

ಮುತ್ಯಾನ ಗಾಳ

ಎರಡನೆಯ ಭಾನುವಾರ ಒಬ್ಬ ನಾಲ್ಕು ಗಾಳ ತಂದ. ಮನೆಯ ನಾಲ್ವರಿಗೂ ಮೊದಲೇ ಪರವಾನಗಿ ಮಾಡಿಸಿಟ್ಟಿದ್ದ: ತಾನು, ಹೆಂಡತಿ, ಮೈದುನ, ಮುತ್ಯಾ ಎಂದು ಕರೆಯುವ ಅಜ್ಜ. "ಒಬ್ಬರಿಗೆ ಒಂದು. ಎಣಿಸ್ಕೋರಿ ಚಾಚಾ."

ಮುತ್ಯಾ ಕಲ್ಲಿಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಗಾಳದ ಕೋಲನ್ನು ಟವೆಲ್ಲಿನಿಂದ ಅವರ ಮುಂಗೈಗೆ ಕಟ್ಟಲಾಗಿತ್ತು.

"ಮುತ್ಯಾ ಮಲಗ್ಯಾರಲ್ಲಪಾ," ಎಂದರು ಚಾಚಾ.

"ಎಚ್ಚರ ಇರಬೇಕಂತ ನಿಯಮ ಅದ ಏನ್ರಿ?"

ಇರಲಿಲ್ಲ. ಎಚ್ಚರವಿದ್ದ ಮೂವರಿಗೆ ಮಧ್ಯಾಹ್ನದವರೆಗೆ ಒಂದೂ ಮೀನು ಸಿಗಲಿಲ್ಲ. ಸಿಕ್ಕಿದ್ದು ಮುತ್ಯಾನ ಗಾಳಕ್ಕೆ, ದೊಡ್ಡದು. ಅದು ಜಗ್ಗಿದ ಹೊಡೆತಕ್ಕೆ ಮುತ್ಯಾ ಎದ್ದು ಕುಳಿತು, ಪಕ್ಕದ ಚೀಲವನ್ನು ಎದೆಗೆ ಅವಚಿಕೊಂಡು ಕೇಳಿದರು: "ಹುಮನಾಬಾದ ಬಂತೇನಪಾ? ತಡೀರಿ, ಇಳಿಯವರದೀವಿ."

ಸಾವಕಾರರೂ ನಕ್ಕರು. ನಕ್ಕು ಮುಗಿದ ಮೇಲೆ ನನ್ನತ್ತ ತಿರುಗಿ ಎರಡು ಬೆರಳು ತೋರಿಸಿದರು.

ಬೆಳ್ಳಕ್ಕಿಯ ಕಾನೂನು

ಅದೇ ಸಂಜೆ ಪರವಾನಗಿ ಇಲ್ಲದ ಒಬ್ಬ ತರುಣನನ್ನು ಚಾಚಾ ಎಬ್ಬಿಸಿದರು. ಅವನಿಗೆ ಸಿಟ್ಟು. ನೀರಿನಲ್ಲಿ ನಿಂತ ಬೆಳ್ಳಕ್ಕಿಯನ್ನು ತೋರಿಸಿ, "ಅದು ಮುಂಜಾನಿಂದ ಮೀನ ಹಿಡಿಯಾಕತ್ತದ. ಅದಕ್ಕ ಪರವಾನಗಿ ಅದ ಏನು?" ಎಂದ.

"ಅದರ ಹತ್ರ ಗಾಳದ ಕೊಕ್ಕಿ ಇಲ್ಲಪಾ," ಎಂದರು ಚಾಚಾ ಶಾಂತವಾಗಿ. "ಗಾಳಕ್ಕ ಕೊಕ್ಕಿ ಇದ್ರ ಪರವಾನಗಿ. ಕೊಕ್ಕಿ ಇಲ್ಲ, ಪರವಾನಗಿ ಇಲ್ಲ. ನೀನೂ ಒಂದ ಕಾಲಮ್ಯಾಲ ನಿಂತು ಬಾಯಿಲೆ ಹಿಡಿ. ನಾ ಏನೂ ಅನ್ನಂಗಿಲ್ಲ."

ತರುಣ ಒಂದು ಗಳಿಗೆ ನಿಜವಾಗಿಯೂ ನೀರಿನ ಕಡೆ ನೋಡಿದ. ನಾನು ಚಾಚಾರ ಕಡೆ ನೋಡಿದೆ.

ಮೂರನೇ ಐತವಾರ

ಮನೆಯಲ್ಲಿ ನಮ್ಮವರ ಗಾಳದ ಕೋಲು ತೆಗೆದು, ಕೊಕ್ಕೆ ಬಿಚ್ಚಿ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟುಕೊಂಡೆ. ಕೆರೆಗೆ ಹೋಗಿ ಬರೀ ದಾರ ಮತ್ತು ಬೆಂಡು ನೀರಿಗೆ ಬಿಟ್ಟು ಕುಳಿತೆ. ಸಾವಕಾರರು ಆಗಲೇ ಫೋನ್ ಮಾಡಿ ಸಂಘದ ಅಧ್ಯಕ್ಷರನ್ನು ಕರೆಸಿದ್ದರು.

"ಪರವಾನಗಿ ಇಲ್ದ ಗಾಳ ಹಾಕ್ಯಾರ್ರಿ," ಎಂದರು ಸಾವಕಾರರು.

ನಾನು ದಾರ ಮೇಲೆತ್ತಿ ತೋರಿಸಿದೆ. "ಕೊಕ್ಕಿ ಇಲ್ರಿ."

"ಬೆಳ್ಳಕ್ಕಿ ಕಾನೂನ್ರಿ ಸಾಹೇಬ್ರ," ಎಂದರು ಚಾಚಾ.

ಸಾವಕಾರರು ಅಂಗಡಿ ಸುಮ್ಮನೆ ನಡೆಸಿದವರಲ್ಲ. "ಕೊಕ್ಕಿ ಇಲ್ಲಂದ್ರ ಅದು ಗಾಳೇ ಅಲ್ಲ. ಗಾಳ ಅಲ್ಲಂದ್ರ ಮೂರು ಐತವಾರ ಮುಗದಂಗಾತು."

ಅಧ್ಯಕ್ಷರು ನನ್ನ ಮುಖ ನೋಡಿದರು. ನಿಯಮ ಬರೆದವಳು ನಾನು. ಸಾವಕಾರರ ಮಾತು ಸರಿಯಾಗಿತ್ತು. "ಖರೇ ಅದರಿ," ಎಂದು ದಾರ ಸುತ್ತತೊಡಗಿದೆ. "ಚಾಚಾ, ನಮ್ಮವರ ಪರವಾನಗಿ ಕಾರ್ಡ್ ತಂದು ಸಾಹೇಬರಿಗಿ ಕೊಡ್ರಿ. ವಾಪಸ್ ಮಾಡೋಣ."

ಒದ್ದೆಯಾಗಬಾರದೆಂದು ಎಲ್ಲರ ಪರವಾನಗಿ ಕಾರ್ಡುಗಳೂ ಚಾಚಾರ ಗುಡಿಸಲಿನ ತಗಡಿನ ಪೆಟ್ಟಿಗೆಯಲ್ಲಿರುತ್ತವೆ. ಓದಲು ಬಾರದ ಚಾಚಾ ಒಂದೊಂದಕ್ಕೆ ಒಂದೊಂದು ಗುರುತು ಕಟ್ಟಿದ್ದಾರೆ. ನಮ್ಮವರದು ಹಳದಿ ದಾರ. ವರ್ಷಕ್ಕೊಮ್ಮೆ ಅಧ್ಯಕ್ಷರು ಬಂದು ಎಲ್ಲಕ್ಕೂ ಒಟ್ಟಿಗೆ ಮುದ್ರೆ ಒತ್ತಿ ಹೋಗುತ್ತಾರೆ, ಓದುವುದಿಲ್ಲ. ಅಂದು ಮೊದಲ ಸಲ ಓದಿದರು. ಎರಡು ಸಲ.

"ಅಕ್ಕೋರ, ಈ ಫಾರಂ ತುಂಬದವ್ರು ಯಾರ್ರಿ?"

"ನಾನೇ ರೀ. ಅವರಿಗೆ ಫಾರಂ ಕಂಡ್ರ ಆಗ್ತಿರಲಿಲ್ಲ."

ಕಾರ್ಡನ್ನು ನನ್ನತ್ತ ತಿರುಗಿಸಿದರು. 'ಪರವಾನಗಿದಾರರ ಹೆಸರು' ಎಂಬಲ್ಲಿ ನನ್ನ ಹೆಸರು. 'ತಂದೆ ಅಥವಾ ಪತಿಯ ಹೆಸರು' ಎಂಬಲ್ಲಿ ಅವರದು. ಅಕ್ಷರ ನನ್ನವೇ, ದುಂಡಗೆ. ಶಾಲೆಯ ಫಾರಂಗಳಲ್ಲಿ ಬರೆದು ಬರೆದು ರೂಢಿಯಾದ ಹಾಗೆ ಬರೆದುಬಿಟ್ಟಿದ್ದೆ.

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಸಾವಕಾರರು. "ಅಂದ್ರ ಅಣ್ಣಾರು ಆರು ವರ್ಷ ಇನ್ನೊಬ್ಬರ ಪರವಾನಗಿ ಮ್ಯಾಲ ಮೀನ ಹಿಡದ್ರಾ?"

"ಹಿಡದಿದ್ದು ಎಲ್ಲಿ ಸಾವಕಾರ್," ಎಂದರು ಚಾಚಾ. "ಆರು ವರ್ಷದಾಗ ಗೇಣು ದಾಟಿದ್ದು ಒಂದೂ ಬಂದಿಲ್ಲ."

"ಕಲ್ಲು ಅಕ್ಕೋರದು," ಎಂದರು ಅಧ್ಯಕ್ಷರು. "ಹೊತ್ತು ಮುಳಗೂದಕ್ಕ ಇನ್ನೂ ಟೈಮ್ ಅದ. ಕೊಕ್ಕಿ ಕಟ್ಟ್ರಿ."

ಬೆಂಕಿಪೊಟ್ಟಣ ತೆಗೆದೆ. ಗಂಟು ಹಾಕಲು ನನಗೆ ಬರಲಿಲ್ಲ. ಸಾವಕಾರರು ದಾರ ಇಸಿದುಕೊಂಡು ಗಟ್ಟಿಯಾಗಿ ಕಟ್ಟಿಕೊಟ್ಟರು. ಗಾಳ ನೀರಿಗೆ ಬಿತ್ತು.

ಎಲ್ಲರೂ ಹೋದ ಮೇಲೆ ಚಾಚಾರನ್ನು ಕೇಳಿದೆ: "ನಮ್ಮವರಿಗೆ ಇದು ಗೊತ್ತಿತ್ತೇನು?"

ಚಾಚಾ ಕಾರ್ಡಿನ ಹಳದಿ ದಾರವನ್ನು ಮತ್ತೆ ಸುತ್ತುತ್ತಿದ್ದರು. "ಮುದ್ರಿ ಬಿದ್ದ ಮ್ಯಾಲ ಪ್ರತಿ ವರ್ಷ ತೆಗಸಿ ಓದ್ತಿದ್ರು, ಒಬ್ರೇ ನಗತಿದ್ರು. ಏನಾತ್ರಿ ಅಂದ್ರ, 'ಚಾಚಾ, ಆಕಿಗಿ ಮಾತ್ರ ಹೇಳಬ್ಯಾಡ್ರಿ. ಆ ಕೆಂಪ ಅಕ್ಷರ ಆಕಿನೇ ಬರದಾಳ. ಮೊದಲ ದಂಡ ಹಾಕಾಕಿನೂ ಆಕಿನೇ' ಅಂತಿದ್ರು."

ಹಾಕುತ್ತಿದ್ದೆ.